ಗಿಟಾರು, ಗಣಕಯಂತ್ರ ಮತ್ತು ಮನೆಯ ಮೌನ

ಮಗನೋ ಮಗಳೋ ಗಿಟಾರು ಕಲಿಯುತ್ತಿರುವ ಮನೆಗಳಲ್ಲಿ ಎರಡು ಮೂರು ವರ್ಷಗಳು ಕಳೆಯುವಷ್ಟರಲ್ಲಿ ಒಂದು ಬೇಡಿಕೆ ತಪ್ಪದೆ ತಲೆದೋರುತ್ತದೆ. ನುಡಿಸಿದ್ದನ್ನು ಒಳ್ಳೆಯ ರೀತಿಯಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು, ಅದಕ್ಕೆ ಸಲಕರಣೆಗಳು ಬೇಕು, ಸಲಕರಣೆಗಳಿಗೆ ಹಣ ಬೇಕು. ಬೇಡಿಕೆಯ ಪಟ್ಟಿ ಹೊಸ ಕಂಪ್ಯೂಟರಿನಿಂದ ಮೊದಲಾಗಿ ಮೈಕು, ಸ್ಪೀಕರು, ಗೋಡೆಗೆ ಅಂಟಿಸುವ ಕಪ್ಪು ಸ್ಪಂಜಿನ ಹಾಳೆಗಳವರೆಗೆ ಬೆಳೆದು ಲಕ್ಷ ರೂಪಾಯಿಯ ಸಮೀಪಕ್ಕೆ ಹೋಗಿ ನಿಲ್ಲುತ್ತದೆ. ತಂದೆಯವರು ಕನ್ನಡಕ ತೆಗೆದಿಟ್ಟು ಪಟ್ಟಿಯನ್ನು ಮಡಿಚುತ್ತಾರೆ. ಮಾತು ಅಲ್ಲಿಗೆ ನಿಂತುಹೋಗುತ್ತದೆ.

ಇಂಥ ಸಂದರ್ಭದಲ್ಲಿ ಎರಡು ಬಗೆಯ ನಷ್ಟಗಳು ಸಂಭವಿಸುತ್ತವೆ. ಹಣವುಳ್ಳ ಮನೆಯಲ್ಲಿ ಪಟ್ಟಿಯಲ್ಲಿರುವುದೆಲ್ಲವೂ ಬಂದು ಕೂಡುತ್ತದೆ. ಆರು ತಿಂಗಳಲ್ಲಿ ಅದರ ಮೇಲೆ ಧೂಳೂ ಬಂದು ಕೂಡುತ್ತದೆ. ಹಣವಿಲ್ಲದ ಮನೆಯಲ್ಲಿ, ನಿಜವಾಗಿಯೂ ಕೈ ಕುದುರಿದ ಹುಡುಗನೊಬ್ಬ ತನ್ನ ನಾದವನ್ನು ತಾನೇ ಕೇಳಿಕೊಳ್ಳುವ ಅವಕಾಶವಿಲ್ಲದೆ, ಇದು ನಮ್ಮಂಥವರಿಗಲ್ಲವೆಂದು ವಾದ್ಯವನ್ನು ಗೋಡೆಗೆ ತೂಗುಹಾಕುತ್ತಾನೆ. ಎರಡನೆಯ ನಷ್ಟ ದೊಡ್ಡದೆಂಬುದನ್ನು ಹೇಳಬೇಕಾಗಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಒಂದು ಲ್ಯಾಪ್‌ಟಾಪಿನ ಜೊತೆಗೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿಗಳಲ್ಲಿ ಈ ಕೆಲಸವನ್ನು ಮರ್ಯಾದೆಯಿಂದ ಮಾಡಬಹುದೆಂಬುದನ್ನೂ, ಆ ಹಣವನ್ನು ಯಾವ ಕ್ರಮದಲ್ಲಿ ವೆಚ್ಚ ಮಾಡಬೇಕೆಂಬುದನ್ನೂ ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಗಿಟಾರು ಪರದೇಶದ ವಾದ್ಯ, ಅದಕ್ಕೇಕೆ ಇಷ್ಟೊಂದು ಉಪಚಾರ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಬ್ರಿಜ್‌ಭೂಷಣ್ ಕಾಬ್ರಾ ಅವರು 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಡನೆ ಗಿಟಾರಿನಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿದುದನ್ನು, ಮೈಸೂರಿನ ರಘು ದೀಕ್ಷಿತ್ ಅವರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ದೇಶವಿದೇಶಗಳಿಗೆ ಕೇಳಿಸಿದುದನ್ನು ಅವರಿಗೆ ನೆನಪಿಸಿದರೆ ಸಾಕು. ಪಿಟೀಲು ಕೂಡ ಒಂದು ಕಾಲಕ್ಕೆ ಹಡಗಿನಲ್ಲಿಯೇ ಬಂದುದು.

ಬಾಡಿಗೆಯ ಮನೆಯಲ್ಲೊಂದು ಕ್ಯಾಸೆಟ್

ದುಬಾರಿ ಸಲಕರಣೆಯಿಲ್ಲದೆ ಒಳ್ಳೆಯ ಧ್ವನಿಮುದ್ರಣ ಅಸಾಧ್ಯವೆಂದು ನಂಬಿರುವವರಿಗೆ ಅಮೆರಿಕದ ಒಂದು ಪ್ರಸಂಗವನ್ನು ಹೇಳುವುದು ಯುಕ್ತ. 1982ರ ಆರಂಭದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಗಾಯಕರು ನ್ಯೂಜೆರ್ಸಿ ರಾಜ್ಯದ ಕೋಲ್ಟ್ಸ್ ನೆಕ್ ಎಂಬಲ್ಲಿ ಬಾಡಿಗೆ ಮನೆಯೊಂದರಲ್ಲಿ ವಾಸವಾಗಿದ್ದರು. ಆ ವೇಳೆಗೆ ಅವರು ಬಡವರೇನೂ ಅಲ್ಲ, ಹೆಸರಾಂತ ಕಲಾವಿದರು. ದೊಡ್ಡ ಸ್ಟುಡಿಯೋಗಳ ಬಾಗಿಲು ಅವರಿಗೆ ಸದಾ ತೆರೆದಿತ್ತು. ಆದರೆ ಸ್ಟುಡಿಯೋದಲ್ಲಿ ಕುಳಿತು ಹಾಡು ಕಟ್ಟುತ್ತಾ ಹೊತ್ತು ಕಳೆದರೆ ಬಾಡಿಗೆ ಏರುತ್ತದೆ, ಮನಸ್ಸೂ ಉದ್ವಿಗ್ನವಾಗುತ್ತದೆ ಎಂದು ಹಾಡುಗಳ ಕರಡನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಲು ಬಯಸಿದರು. ಅವರ ಸಹಾಯಕರು ಟೀಯಾಕ್ ಕಂಪನಿಯ ನಾಲ್ಕು ಪಥಗಳ ಕ್ಯಾಸೆಟ್ ಯಂತ್ರವೊಂದನ್ನು ತಂದುಕೊಟ್ಟರು. ಜೊತೆಗೆ ಶೂರ್ ಕಂಪನಿಯ ಎಸ್‌ಎಂ57 ಎಂಬ ಎರಡು ಸಾಧಾರಣ ಮೈಕುಗಳು. ಮಲಗುವ ಕೋಣೆಯಲ್ಲಿ ಕುಳಿತು ಗಿಟಾರು ನುಡಿಸುತ್ತಾ ಹಾಡಿ, ಉಳಿದ ಪಥಗಳಲ್ಲಿ ಬೇರೆ ವಾದ್ಯ ಅಥವಾ ಎರಡನೆಯ ಧ್ವನಿಯನ್ನು ಸೇರಿಸಿದರು. ಎಲ್ಲವನ್ನೂ ಒಂದುಗೂಡಿಸಿ ಅಂತಿಮ ಪ್ರತಿ ತೆಗೆದುದು ಮನೆಯಲ್ಲಿದ್ದ ಹಳೆಯ ಪ್ಯಾನಸೋನಿಕ್ ಟೇಪ್‌ರೆಕಾರ್ಡರಿನ ಮೇಲೆ.

ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಅವರು ಕೆಲವು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಬಳಿಕ ತಮ್ಮ ವಾದ್ಯವೃಂದದೊಡನೆ ದೊಡ್ಡ ಸ್ಟುಡಿಯೋದಲ್ಲಿ ಅವೇ ಹಾಡುಗಳನ್ನು ಮತ್ತೆ ಮುದ್ರಿಸಿದರು. ಎಲ್ಲವೂ ಸ್ವಚ್ಛವಾಗಿತ್ತು, ಆದರೆ ಕ್ಯಾಸೆಟ್ಟಿನಲ್ಲಿದ್ದ ಒಳಗುದಿ ಅದರಲ್ಲಿರಲಿಲ್ಲ. ಕೊನೆಗೆ ಆ ಕರಡು ಕ್ಯಾಸೆಟ್ಟನ್ನೇ ಸಂಸ್ಕರಿಸಿ 1982ರ ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಎಂಬ ಹೆಸರಿನಿಂದ ಹೊರತಂದರು. ಹತ್ತು ಹಾಡುಗಳ ಆ ಸಂಕಲನವನ್ನು ಅವರ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಎಣಿಸುವವರು ಬಹಳ ಮಂದಿ. ಅದರ ಹುಟ್ಟಿನ ಕಥೆಯೇ 2025ರಲ್ಲಿ ಒಂದು ಚಲನಚಿತ್ರವಾಗಿ ಬಂದಿತು.

ಇದರಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಅಂದು ಅವರ ಕೈಯಲ್ಲಿದ್ದ ಯಂತ್ರಕ್ಕೆ ನಾಲ್ಕೇ ಪಥಗಳು, ಟೇಪಿನ ಸುಯ್ಯೆನ್ನುವ ಸದ್ದು ಬೇರೆ. ಇಂದು ಪದವಿ ಓದುವ ಮಕ್ಕಳಿಗೆಂದು ಕೊಂಡ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಹತ್ತಿಪ್ಪತ್ತು ಪಥಗಳನ್ನು ನಿರಾಯಾಸವಾಗಿ ಮುದ್ರಿಸಬಹುದು, ಸುಯ್ಯೆಂಬ ಸದ್ದೂ ಇಲ್ಲ. ಯಂತ್ರದ ಬಡತನ ಎಂಬುದು ಹೀಗಾಗಿ ಬಹುಮಟ್ಟಿಗೆ ಮುಗಿದ ಮಾತು. ಉಳಿದಿರುವುದು ಕೋಣೆಯ ಬಡತನ, ಮೌನದ ಬಡತನ.

ಯಾವುದಕ್ಕೆ ಹಣ

ನಮ್ಮನ್ನು ಕೇಳಿದರೆ ಮೊದಲ ವೆಚ್ಚ ವಾದ್ಯಕ್ಕೆ ಸಲ್ಲಬೇಕು. ಹೊಸ ಗಿಟಾರು ಕೊಳ್ಳಿರೆಂದು ಇದರ ಅರ್ಥವಲ್ಲ. ತುಕ್ಕು ಹಿಡಿದ, ವರ್ಷದಿಂದ ಬದಲಾಯಿಸದ ತಂತಿಗಳನ್ನು ಬಿಚ್ಚಿ ಹೊಸದನ್ನು ಹಾಕಿಸಿರಿ. ಕೆಲವು ನೂರು ರೂಪಾಯಿಗಳ ಈ ಕೆಲಸ ತರುವ ವ್ಯತ್ಯಾಸವನ್ನು ಹತ್ತು ಸಾವಿರದ ಮೈಕು ತರಲಾರದು. ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತಲೇ ಇರುವುದರಿಂದ ಶ್ರುತಿ ನಿಲ್ಲುವುದಿಲ್ಲ; ಆದುದರಿಂದ ಮುದ್ರಣಕ್ಕೆ ಎರಡು ದಿನ ಮೊದಲೇ ಹಾಕಿ ನುಡಿಸಿ ಹದಗೊಳಿಸಬೇಕು. ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವು ಬಿಟ್ಟ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿದೆಯೇ ಎಂದು ನೋಡಿ, ಇಲ್ಲವಾದರೆ ವಾದ್ಯ ದುರಸ್ತಿ ಮಾಡುವವರಲ್ಲಿ ಸರಿಪಡಿಸಿಕೊಳ್ಳಬೇಕು. ಅಪಶ್ರುತಿಯನ್ನು ತಿದ್ದಿ ಸುಶ್ರುತಿ ಮಾಡುತ್ತೇನೆನ್ನುವ ತಂತ್ರಾಂಶಗಳಿವೆಯಾದರೂ ಆರು ತಂತಿಗಳು ಒಟ್ಟಿಗೆ ಮಿಡಿಯುವಾಗ ಅವುಗಳ ಆಟ ಹೆಚ್ಚು ನಡೆಯದು.

ಎರಡನೆಯ ವೆಚ್ಚ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಗೆ. ಗಿಟಾರಿನ ನಾದವೆಂದರೆ ಗಾಳಿಯ ಕಂಪನ. ಮೈಕು ಆ ಕಂಪನವನ್ನು ಅತಿ ಸಣ್ಣ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಗಣಕಯಂತ್ರಕ್ಕೆ ತಿಳಿಯುವುದು ಅಂಕಿಗಳು ಮಾತ್ರ. ಆ ವಿದ್ಯುತ್ತನ್ನು ಹಿಗ್ಗಿಸಿ, ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು, ಅಳತೆಗಳನ್ನು ಅಂಕಿಗಳಾಗಿ ಒಪ್ಪಿಸುವ ದುಭಾಷಿಯೇ ಈ ಪೆಟ್ಟಿಗೆ. ಲ್ಯಾಪ್‌ಟಾಪಿನಲ್ಲಿಯೇ ಇರುವ ಮೈಕಿನ ತೂತಿಗೆ ತಂತಿ ಸಿಕ್ಕಿಸಿದರೂ ಧ್ವನಿ ಬರುತ್ತದೆ ನಿಜ. ಆದರೆ ಅದು ದೂರವಾಣಿಯ ಮಾತುಕತೆಗೆಂದು ಮಾಡಿದ ವ್ಯವಸ್ಥೆ, ಅದರಲ್ಲಿ ಒಳಗಿನ ವಿದ್ಯುನ್ಮಂಡಲದ ಚಿರಿಚಿರಿ ಸದ್ದೂ ಸೇರಿಬರುತ್ತದೆ. ಬೆಹ್ರಿಂಗರ್ ಯುಎಂ2, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಮೊದಲಾದ ಆರಂಭಿಕ ಪೆಟ್ಟಿಗೆಗಳು ಐದಾರು ಸಾವಿರದಿಂದ ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ದೊರೆಯುತ್ತವೆ. ಮೊದಲನೆಯದು ಪ್ರತಿ ಅಳತೆಯನ್ನು 16 ಬಿಟ್ಟುಗಳಲ್ಲಿ ಬರೆಯುತ್ತದೆ, ಎರಡನೆಯದು 24 ಬಿಟ್ಟುಗಳಲ್ಲಿ. 24 ಬಿಟ್ಟಿನಲ್ಲಿ ಧ್ವನಿಯ ಮಟ್ಟವನ್ನು ಸಾಕಷ್ಟು ತಗ್ಗಿಸಿ ಮುದ್ರಿಸಿದರೂ ಸೂಕ್ಷ್ಮ ಕೆಡುವುದಿಲ್ಲ. 16ರಲ್ಲಿ ಸ್ವಲ್ಪ ಎಚ್ಚರ ಬೇಕು, ಅಷ್ಟೇ ವ್ಯತ್ಯಾಸ. ಕೊಳ್ಳುವಾಗ ನೋಡಬೇಕಾದುದು ಎರಡು ಅನುಕೂಲಗಳು: ಮೈಕಿಗೆ 48 ವೋಲ್ಟ್ ಒದಗಿಸುವ ಗುಂಡಿ, ಹಾಗೂ ಎಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಸಿಕ್ಕಿಸಲು ‘ಇನ್‌ಸ್ಟ್ರುಮೆಂಟ್’ ಎಂದು ಗುರುತಿಸಿದ ಬಾಯಿ. ಒಬ್ಬನೇ ನುಡಿಸುವ ಹುಡುಗನಿಗೆ ಎಂಟು ಬಾಯಿಗಳ ಪೆಟ್ಟಿಗೆಯ ಅಗತ್ಯವಿಲ್ಲ.

ಮೈಕಿನ ವಿಷಯದಲ್ಲಿ ಎರಡು ಜಾತಿಗಳನ್ನು ತಿಳಿದಿದ್ದರೆ ಸಾಕು. ಡೈನಮಿಕ್ ಮೈಕು ಗಟ್ಟಿಮುಟ್ಟು, ಸಭೆ ಸಮಾರಂಭಗಳಲ್ಲಿ ಭಾಷಣಕಾರರ ಕೈಯಲ್ಲಿರುವುದು ಇದೇ. ಕಂಡೆನ್ಸರ್ ಮೈಕು ಸೂಕ್ಷ್ಮಗ್ರಾಹಿ. ಬೆರಳು ತಂತಿಯನ್ನು ಸವರುವ ಮೃದುವಾದ ಸದ್ದನ್ನೂ ಅದು ಹಿಡಿಯುತ್ತದೆ, ನೆರೆಮನೆಯ ಕುಕ್ಕರಿನ ಸೀಟಿಯನ್ನೂ ಹಿಡಿಯುತ್ತದೆ. ಅದಕ್ಕೆ ಮೇಲೆ ಹೇಳಿದ 48 ವೋಲ್ಟ್ ಬೇಕು. ಊರ ಹೊರಗಿನ ಶಾಂತವಾದ ಬಡಾವಣೆಯ ಮನೆಗೆ ಮೂರು ನಾಲ್ಕು ಸಾವಿರದ ಸಣ್ಣ ಕಂಡೆನ್ಸರ್ ಚೆನ್ನ. ಪೇಟೆ ಬೀದಿಯ ಮನೆಗೆ ಡೈನಮಿಕ್ ಮೈಕನ್ನು ವಾದ್ಯಕ್ಕೆ ಹತ್ತಿರವಿಟ್ಟು ಮುದ್ರಿಸುವುದೇ ಲೇಸು. ಕೊಳ್ಳುವ ಮೊದಲು ಊರಿನ ಮೈಕ್‌ಸೆಟ್ಟಿನವರಲ್ಲಿ ಒಂದನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದು ಪ್ರಯೋಗ ಮಾಡಬಹುದು. ಅವರ ಬಳಿಯ ತಂತಿ ಬಹುತೇಕ ಒಂದು ತುದಿಯಲ್ಲಿ ಮೂರು ಕಡ್ಡಿಯ ಗುಂಡು ಪ್ಲಗ್, ಇನ್ನೊಂದು ತುದಿಯಲ್ಲಿ ಉದ್ದನೆಯ ಜಾಕ್ ಉಳ್ಳದ್ದಾಗಿರುತ್ತದೆ. ನಮ್ಮ ಪೆಟ್ಟಿಗೆಗೆ ಎರಡೂ ತುದಿಗಳಲ್ಲಿ ಮೂರು ಕಡ್ಡಿಯುಳ್ಳ ಎಕ್ಸ್‌ಎಲ್‌ಆರ್ ತಂತಿಯೇ ಬೇಕೆಂಬುದನ್ನು ಮರೆಯಬಾರದು. ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕುಗಳೂ ಇವೆ. ಇನ್ನೆಂದೂ ಎಲೆಕ್ಟ್ರಿಕ್ ಗಿಟಾರು ನುಡಿಸುವುದಿಲ್ಲವೆಂಬ ಖಾತ್ರಿಯಿದ್ದರೆ ಅವು ಆಗಬಹುದು.

ಸ್ಪೀಕರುಗಳಿಗೆ ಸದ್ಯಕ್ಕೆ ಹಣ ಹಾಕಬೇಡಿ. ಕಿವಿಯನ್ನು ಪೂರ್ತಿಯಾಗಿ ಮುಚ್ಚುವ, ತಂತಿಯುಳ್ಳ ಹೆಡ್‌ಫೋನ್ ಒಂದು ಸಾಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗಿ ತಲುಪುವುದರಿಂದ ನುಡಿಸುವಾಗ ಅದು ನಿರುಪಯೋಗಿ. ಇನ್ನು ಮೈಕಿಗೊಂದು ನಿಲುಗಂಬ. ಅಲ್ಲಿಗೆ ಪಟ್ಟಿ ಮುಗಿಯಿತು.

ತಂತ್ರಾಂಶಕ್ಕೆ ಹಣ ಬೇಕಾಗಿಯೇ ಇಲ್ಲವೆಂದರೆ ಕೆಲವರು ನಂಬುವುದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ 2000ದಲ್ಲಿ ಎಲ್ಲರಿಗೂ ಮುಕ್ತವಾದ ಆಡಾಸಿಟಿ ಇಂದಿಗೂ ಉಚಿತ. ಒಂದೇ ಗಿಟಾರನ್ನು ಮುದ್ರಿಸಿ ಕತ್ತರಿಸಿ ಜೋಡಿಸಲು ಅದು ಧಾರಾಳವಾಯಿತು. ಆಪಲ್ ಗಣಕಯಂತ್ರವುಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಲಭ್ಯ. ಒಂದರ ಮೇಲೊಂದರಂತೆ ಅನೇಕ ಪಥಗಳನ್ನು ಸೇರಿಸುವ ಹಂಬಲವುಳ್ಳವರಿಗೆ ರೀಪರ್ ಎಂಬುದಿದೆ; 60 ದಿನ ಪುಕ್ಕಟೆಯಾಗಿ ಪರೀಕ್ಷಿಸಿ, ಒಪ್ಪಿಗೆಯಾದರೆ ವೈಯಕ್ತಿಕ ಬಳಕೆಗೆ 60 ಡಾಲರ್ ಕೊಡುವ ಏರ್ಪಾಡು. ಕಳ್ಳ ಪ್ರತಿಗಳನ್ನು ಕಂಪ್ಯೂಟರಿಗೆ ತುಂಬುವುದರಿಂದ ವೈರಸ್ ಹೊರತು ಮತ್ತೇನೂ ಲಾಭವಿಲ್ಲ.

ಮೌನವೆಂಬ ಸಲಕರಣೆ

ಇಷ್ಟೆಲ್ಲ ಕೊಂಡಾದ ಮೇಲೂ ಮನೆಯವರ ಸಹಕಾರವಿಲ್ಲದೆ ಒಂದು ನಿಮಿಷದ ಮುದ್ರಣವೂ ಸಾಧ್ಯವಿಲ್ಲ. ಅಂಗಡಿಯಲ್ಲಿ ದೊರೆಯದ ಸಲಕರಣೆ ಅದೊಂದೇ. ನಮ್ಮ ಮನೆಗಳು ಸದ್ದಿನ ಮನೆಗಳು. ಬೆಳಿಗ್ಗೆ ಮಿಕ್ಸರ್, ಮಧ್ಯಾಹ್ನ ಕುಕ್ಕರು, ಸಂಜೆ ಧಾರಾವಾಹಿ, ಇಡೀ ದಿನ ಮೇಲಿನ ತೊಟ್ಟಿಗೆ ನೀರೇರಿಸುವ ಮೋಟಾರು. ತಲೆಯ ಮೇಲಿನ ಫ್ಯಾನಿನ ಗಾಳಿ ಮೈಕಿಗೆ ಬಿರುಗಾಳಿಯಂತೆ ಕೇಳಿಸುತ್ತದೆ, ಅದನ್ನು ಆರಿಸಲೇಬೇಕು. ಕಿವಿಗೆ ಅಭ್ಯಾಸವಾಗಿ ನಾವು ಗಮನಿಸದ ಶೀತಕಪೆಟ್ಟಿಗೆಯ ಗುಂಯ್‌ಗುಟ್ಟುವಿಕೆಯನ್ನು ಮೈಕು ಗಮನಿಸುತ್ತದೆ. “ಅವ್ವಾ, ಇನ್ನೊಂದು ತಾಸು ಮಿಕ್ಸರ್ ಹಚ್ಚಬ್ಯಾಡ” ಎಂದು ಹುಡುಗ ಕೇಳಿಕೊಂಡಾಗ ಅದನ್ನು ಅಧಿಕಪ್ರಸಂಗವೆಂದು ಭಾವಿಸದೆ, ಪರೀಕ್ಷೆಗೆ ಓದುವ ಮಗನಿಗೆ ಕೊಡುವಷ್ಟೇ ಮನ್ನಣೆಯನ್ನು ಈ ಒಂದು ತಾಸಿಗೂ ಕೊಡಬೇಕೆಂಬುದು ನಮ್ಮ ವಿನಂತಿ. ಪರೀಕ್ಷೆಯ ಮಾತು ಬರಿಯ ಹೋಲಿಕೆಯೂ ಅಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ದರ್ಜೆಯ ಪರೀಕ್ಷೆಗಳನ್ನು 2020ರಿಂದೀಚೆಗೆ ಮನೆಯಲ್ಲಿ ನುಡಿಸಿದ ವಿಡಿಯೋ ಕಳುಹಿಸುವ ಮೂಲಕವೂ ತೆಗೆದುಕೊಳ್ಳಬಹುದಾಗಿದೆ. ಅದರಲ್ಲಿ ಕತ್ತರಿಸಿ ಜೋಡಿಸುವಂತಿಲ್ಲ. ನಡುವೆ ಸೀಟಿ ಕೂಗಿದರೆ ಕೂಗಿದಂತೆಯೇ.

ರಾತ್ರಿ ಊಟವಾಗಿ ಬೀದಿ ತಣ್ಣಗಾದ ಹತ್ತೂವರೆಯ ನಂತರದ ಹೊತ್ತು ಸಾಮಾನ್ಯವಾಗಿ ಅನುಕೂಲ. ಬೆಳಗಿನ ಜಾವ ಇನ್ನೂ ಶಾಂತವೆಂದು ಕೆಲವರು ಹೇಳುತ್ತಾರೆ. ಆದರೆ ಹಕ್ಕಿಗಳಿಗೆ ಯಾರು ಹೇಳಬೇಕು? ತಗಡಿನ ಮಾಡಿನ ಮನೆಯಲ್ಲಿ ಮಳೆಗಾಲದ ಮುದ್ರಣದ ಆಸೆಯನ್ನು ಬಿಟ್ಟುಬಿಡುವುದೇ ಕ್ಷೇಮ.

ಕೌದಿ ಮತ್ತು ಕಂಬಳಿ

ಕೋಣೆಯ ಗುಣವನ್ನು ಅರಿಯಲು ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿರಿ. ಚಪ್ಪಾಳೆಯ ಹಿಂದೆಯೇ ಝಣ್ಣೆಂಬ ಬಾಲವೊಂದು ಕೇಳಿಸಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುತ್ತಿದೆಯೆಂದು ತಿಳಿಯಬೇಕು. ಶಹಾಬಾದ್ ಕಲ್ಲಿನ ಅಥವಾ ಟೈಲಿನ ನೆಲ, ಸಿಮೆಂಟಿನ ಗೋಡೆ, ಆರ್‌ಸಿಸಿ ಮೇಲ್ಛಾವಣಿ ಸೇರಿದ ನಮ್ಮ ಕೋಣೆಗಳಲ್ಲಿ ಈ ಬಾಲ ಇದ್ದೇ ಇರುತ್ತದೆ. ಗಿಟಾರಿನ ನಾದದ ಮೇಲೆ ಅದು ಕೂತರೆ ಡಬ್ಬಿಯೊಳಗೆ ನುಡಿಸಿದಂತೆ ಕೇಳಿಸುತ್ತದೆ. ಯಾವ ತಂತ್ರಾಂಶವೂ ಅದನ್ನು ಪೂರ್ತಿಯಾಗಿ ತೆಗೆಯಲಾರದು.

ಇದಕ್ಕೆ ಪರಿಹಾರ ಮನೆಯ ಅಟ್ಟದ ಮೇಲೆಯೇ ಇದೆ. ಅಜ್ಜಿ ಹೊಲಿದ ದಪ್ಪನೆಯ ಕೌದಿ, ಕುರಿಯ ಉಣ್ಣೆಯ ಕಂಬಳಿ ಇವು ಸದ್ದನ್ನು ಹೀರುವುದರಲ್ಲಿ ಅಂಗಡಿಯ ತೆಳು ಸ್ಪಂಜಿನ ಹಾಳೆಗಳಿಗಿಂತ ಒಂದು ಕೈ ಮೇಲು. ಗೋಡೆಗೆ ಅಂಟಿಕೊಂಡಂತೆ ಹಾಕದೆ, ಹಗ್ಗ ಕಟ್ಟಿ ನಾಲ್ಕೈದು ಅಂಗುಲ ಮುಂದಕ್ಕೆ ಇಳಿಬಿಟ್ಟರೆ ಇನ್ನೂ ಹೆಚ್ಚು ಹೀರುತ್ತವೆ. ನಡುವಣ ಗಾಳಿಯ ಪದರವೂ ಕೆಲಸ ಮಾಡುತ್ತದೆ. ನೆಲಕ್ಕೆ ಜಮಖಾನ ಹಾಸಿರಿ. ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸಿರಿ. ಪುಸ್ತಕ ತುಂಬಿದ ಕಪಾಟು ಸದ್ದನ್ನು ನಾನಾ ದಿಕ್ಕಿಗೆ ಚದುರಿಸುವುದರಿಂದ ಅದೂ ಉಪಕಾರಿ. ಸೀರೆಗಳಿಂದ ತುಂಬಿದ ಅಲ್ಮೇರಾದ ಬಾಗಿಲು ತೆರೆದು ಅದರ ಮುಂದೆ ಮುದ್ರಿಸಿದರೆ ಚೆನ್ನಾಗಿ ಬರುತ್ತದೆ. ತಾಯಂದಿರ ಅಪ್ಪಣೆ ಪಡೆಯುವುದು ನುಡಿಸುವವರ ಹೊಣೆ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸುವ ಒಂದು ಪದ್ಧತಿ ಎಲ್ಲಿಂದಲೋ ಬಂದಿದೆ. ಅದರಿಂದ ಗೋಡೆ ಕುರೂಪವಾಗುವುದಲ್ಲದೆ ಸದ್ದಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಕಂಬಳಿಯು ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತದೆಯೇ ಹೊರತು ಹೊರಗಿನ ಬಸ್ಸಿನ ಹಾರನ್ನನ್ನು ತಡೆಯುವುದಿಲ್ಲ. ಹೊರಗಿನ ಸದ್ದನ್ನು ತಡೆಯಲು ಬೇಕಾದುದು ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲು. ಅದು ಕಡಿಮೆ ಖರ್ಚಿನ ಕೆಲಸವಲ್ಲ. ಆದುದರಿಂದಲೇ ರಾತ್ರಿಯ ವೇಳೆಯನ್ನು ಸೂಚಿಸಿದೆವು.

ಮಾರ್ದನಿಯೆಲ್ಲವೂ ಕೆಟ್ಟದ್ದೆಂದು ಇದರಿಂದ ಭಾವಿಸಬಾರದು. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ರೂಪಿಸಿದ ಮೋಹನವೀಣೆಯನ್ನು ಅಮೆರಿಕದ ರೈ ಕೂಡರ್ ಅವರೊಡನೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದ ‘ಎ ಮೀಟಿಂಗ್ ಬೈ ದ ರಿವರ್’ ಮುದ್ರಿತವಾದುದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ. ಆ ವಿಶಾಲವಾದ ಮಂದಿರದ ಗಾಳಿಯೂ ಅದರಲ್ಲಿ ನುಡಿಯುತ್ತದೆ. ಎತ್ತರವಾದ ಮಾಡು, ಮರದ ಕಂಬಗಳುಳ್ಳ ಹಳೆಯ ತೊಟ್ಟಿಮನೆಯ ಪಡಸಾಲೆ ಯಾರಿಗಾದರೂ ಇದ್ದರೆ ಕಂಬಳಿಗಳನ್ನು ಹುಡುಕುವ ಮೊದಲು ಅಲ್ಲಿ ಒಮ್ಮೆ ನುಡಿಸಿ ಕೇಳಿರಿ.

ಮೈಕಿನ ಎದುರಿಗೆ

ಹೊಸಬರು ಮೈಕನ್ನು ಗಿಟಾರಿನ ನಡುವಣ ದುಂಡನೆಯ ರಂಧ್ರದ ನೇರಕ್ಕೆ ಇಡುತ್ತಾರೆ, ನಾದವೆಲ್ಲ ಅಲ್ಲಿಂದಲೇ ಬರುತ್ತದೆಂಬ ಭಾವನೆಯಿಂದ. ಅಲ್ಲಿಂದ ಬರುವುದು ಬಹುಪಾಲು ಒಳಗಿನ ಗಾಳಿಯ ಗುಮ್ಮೆನ್ನುವ ಮಂದ್ರ ಮಾತ್ರ. ಮರದ ಮೇಲ್ಹಲಗೆ, ತಂತಿ, ಕುದುರೆ ಎಲ್ಲವೂ ಸೇರಿಯೇ ಗಿಟಾರಿನ ನಾದವಾಗುವುದು. ಮೈಕನ್ನು ಹನ್ನೆರಡನೆಯ ಮೆಟ್ಟಿನ ನೇರಕ್ಕೆ, ಒಂದು ಗೇಣಿನಿಂದ ಒಂದೂವರೆ ಗೇಣು ದೂರದಲ್ಲಿ, ಮುಖವನ್ನು ತುಸುವೇ ರಂಧ್ರದ ಕಡೆಗೆ ಓರೆ ಮಾಡಿ ಇರಿಸಿ ಆರಂಭಿಸಬೇಕು. ಗುಮ್ಮೆನಿಸಿದರೆ ಕತ್ತಿನ ಕಡೆಗೆ ಸರಿಸಿ, ತೆಳುವೆನಿಸಿದರೆ ಒಡಲಿನ ಕಡೆಗೆ ತನ್ನಿ. ಎರಡು ಅಂಗುಲ ಅತ್ತಿತ್ತ ಸರಿಸಿದರೂ ನಾದ ಬದಲಾಗುವುದನ್ನು ಕೇಳಿ ಆಶ್ಚರ್ಯವಾಗುತ್ತದೆ. ಒಬ್ಬರು ನುಡಿಸುತ್ತಿದ್ದು, ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಮೆಲ್ಲಗೆ ಸರಿಸುತ್ತಾ ಹೋಗುವುದು ಉತ್ತಮ ವಿಧಾನ. ತಂಗಿಗೋ ತಮ್ಮನಿಗೋ ಈ ಕೆಲಸ ಒಪ್ಪಿಸಬಹುದು, ಅವರ ಕಿವಿಯೂ ಬೆಳೆಯುತ್ತದೆ. ಇಂಥ ಮೈಕುಗಳಲ್ಲಿ ಹೆಚ್ಚಿನವು ಹಿಂಬದಿಯ ಸದ್ದನ್ನು ಕಡಿಮೆ ಹಿಡಿಯುವುದರಿಂದ, ಗುರುಗುಟ್ಟುವ ಲ್ಯಾಪ್‌ಟಾಪು ಮತ್ತು ಬೀದಿಯ ಕಿಟಕಿ ಮೈಕಿನ ಬೆನ್ನಿಗೆ ಬರುವಂತೆ ಕುಳಿತುಕೊಳ್ಳುವುದು ಜಾಣತನ.

ಗಟ್ಟಿಯಾದ ಭಾಗವನ್ನು ನುಡಿಸಿದಾಗ ಪರದೆಯ ಮೇಲಿನ ಮಾಪಕ ಸೊನ್ನೆಗಿಂತ ಹನ್ನೆರಡು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿರಿ. ಸೊನ್ನೆಯೇ ಮೇಲ್ಛಾವಣಿ. ಅದಕ್ಕೆ ತಲೆ ಬಡಿದ ನಾದ ಪುಡಿಯಾಗುತ್ತದೆ, ಮತ್ತೆ ಕೂಡಿಬರುವುದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಸುಯ್ಯೆಂಬ ಸದ್ದನ್ನು ಮುಳುಗಿಸಲು ಗಟ್ಟಿಯಾಗಿ ಮುದ್ರಿಸಬೇಕಾಗಿತ್ತು; ಆ ಕಾಲದ ಅನುಭವಿಗಳು ಈಗಲೂ ಹಾಗೆಯೇ ಉಪದೇಶಿಸುವುದುಂಟು.

ತಾನು ನುಡಿಸಿದ್ದು ತನ್ನ ಕಿವಿಗೆ ತಡವಾಗಿ ಬರುತ್ತದೆಂಬುದು ಕಂಪ್ಯೂಟರ್ ಮುದ್ರಣದಲ್ಲಿ ಎಲ್ಲರೂ ಮೊದಲು ದೂರುವ ಸಂಗತಿ. ಗಣಕಯಂತ್ರ ಅಂಕಿಗಳನ್ನು ಒಂದೊಂದಾಗಿ ಅಲ್ಲ, ಮೂಟೆ ಕಟ್ಟಿ ಸಾಗಿಸುತ್ತದೆ. ಒಂದು ಮೂಟೆಗೆ 1,024 ಅಳತೆಗಳೆಂದು ಗೊತ್ತುಮಾಡಿದ್ದರೆ ಒಂದು ಮೂಟೆ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು. 128 ಎಂದರೆ 3 ಮಿಲಿಸೆಕೆಂಡು. ಹೋಗುವಾಗೊಂದು, ಬರುವಾಗೊಂದು ಮೂಟೆಯಾದುದರಿಂದ ತಡ ಇಮ್ಮಡಿಯಾಗುತ್ತದೆ. ಲಯದಲ್ಲಿ ಪಳಗಿದ ಕೈಗೆ ಹತ್ತು ಹದಿನೈದು ಮಿಲಿಸೆಕೆಂಡಿನ ವ್ಯತ್ಯಾಸವೂ ಕಿರಿಕಿರಿಯೇ. ನುಡಿಸುವಾಗ ಮೂಟೆಯನ್ನು ಚಿಕ್ಕದು ಮಾಡಿ, ಮುದ್ರಣ ಮುಗಿಸಿ ಮಿಶ್ರಣಕ್ಕೆ ಕುಳಿತಾಗ ದೊಡ್ಡದು ಮಾಡಿಕೊಳ್ಳಬೇಕು. ವಿಂಡೋಸ್ ಗಣಕಯಂತ್ರದಲ್ಲಿ ಪೆಟ್ಟಿಗೆಯ ತಯಾರಕರೇ ಕೊಡುವ ಆಸಿಯೋ ಚಾಲಕವನ್ನು ಹಾಕಿಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ನೀಗುತ್ತದೆ. ಮೈಕಿನಲ್ಲಿ ಮುದ್ರಿಸುವವರಿಗೆ ಇನ್ನೂ ಸುಲಭವಾದ ಉಪಾಯ, ಪೆಟ್ಟಿಗೆಯ ಮೇಲಿರುವ ನೇರ ಆಲಿಕೆಯ ಗುಂಡಿ. ಅದನ್ನು ಒತ್ತಿದರೆ ನಾದ ಗಣಕಯಂತ್ರಕ್ಕೆ ಹೋಗಿಬರುವ ಗೋಜಿಲ್ಲದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ.

ಎಲೆಕ್ಟ್ರಿಕ್ ಗಿಟಾರಿನವರ ದಾರಿ ಬೇರೆ. ಅವರಿಗೆ ಮೈಕೂ ಬೇಡ, ಕಂಬಳಿಯೂ ಬೇಡ, ನೆರೆಯವರ ನಿದ್ದೆ ಕೆಡಿಸುವ ಆಂಪ್ಲಿಫೈಯರೂ ಬೇಡ. ಗಿಟಾರನ್ನು ‘ಇನ್‌ಸ್ಟ್ರುಮೆಂಟ್’ ಬಾಯಿಗೆ ಸಿಕ್ಕಿಸಿ, ಆಂಪ್ಲಿಫೈಯರಿನ ಗುಣವನ್ನು ತಂತ್ರಾಂಶದಿಂದಲೇ ಪಡೆಯಬಹುದು. ನ್ಯೂರಲ್ ಆಂಪ್ ಮಾಡೆಲರ್ ಎಂಬುದು ಉಚಿತವಾಗಿದ್ದು, ಹೆಸರುವಾಸಿಯಾದ ಆಂಪ್ಲಿಫೈಯರುಗಳ ಸ್ವಭಾವವನ್ನು ಬೆರಗಾಗುವಷ್ಟು ಹತ್ತಿರದಿಂದ ಅನುಕರಿಸುತ್ತದೆ. ಆದರೆ ಅವರನ್ನು ಕಾಡುವುದು ವಿದ್ಯುತ್ತಿನ ಗುಂಯ್‌ಕಾರ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಅದರ ಇಮ್ಮಡಿ ಮುಮ್ಮಡಿಗಳು 100, 150 ಹೀಗೆ ಏರುತ್ತವೆ. ಗಿಟಾರಿನ ಅತಿ ಮಂದ್ರದ ತಂತಿ 82 ಹರ್ಟ್ಸಿನ ಸುತ್ತ ನುಡಿಯುವುದರಿಂದ, ಗುಂಯ್‌ಕಾರವನ್ನು ಸೋಸಲು ಹೋದರೆ ಗಿಟಾರೂ ಸೋಸಿಹೋಗುತ್ತದೆ. ಹಳೆಯ ಚೋಕಿನ ಟ್ಯೂಬ್‌ಲೈಟ್, ಫ್ಯಾನಿನ ರೆಗ್ಯುಲೇಟರ್ ಆರಿಸಿ ನೋಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿರಿ. ಕೆಲವು ಅಗ್ಗದ ಇನ್ವರ್ಟರುಗಳ ಮೇಲೆ ಮುದ್ರಿಸಿದರೆ ಜೇನುಹುಳುಗಳ ಹಿಂಡೇ ಕೇಳಿಸುತ್ತದೆ. ನುಡಿಸುವವರು ಕುಳಿತ ದಿಕ್ಕನ್ನು ತಿರುಗಿಸಿದರೂ ಒಮ್ಮೊಮ್ಮೆ ಕಡಿಮೆಯಾಗುವುದುಂಟು.

ಇವೆಲ್ಲದರಿಂದಲೂ ಹೋಗದಿದ್ದರೆ ಮನೆಯ ಅರ್ಥಿಂಗ್ ಪರೀಕ್ಷಿಸಬೇಕು. ಇದ್ದಿಲು ಉಪ್ಪು ಹಾಕಿದ ಹಳೆಯ ಅರ್ಥಿಂಗ್ ಗುಂಡಿಗಳು ಬೇಸಿಗೆಯಲ್ಲಿ ಒಣಗಿದರೆ ಅವು ಇದ್ದೂ ಇಲ್ಲದಂತೆ. ಅವಕ್ಕೆ ಆಗಾಗ ನೀರು ಹಾಕಬೇಕೆಂಬುದನ್ನು ಎಷ್ಟೋ ಮನೆಗಳಲ್ಲಿ ಮರೆತಿದ್ದಾರೆ. ಗುಂಯ್‌ಕಾರ ಹೋಗಿಸಲು ಮೂರು ಕಡ್ಡಿಯ ಪ್ಲಗ್ಗಿನ ದೊಡ್ಡ ಕಡ್ಡಿಯನ್ನು ಮುರಿಯುವುದು, ಅದರ ತಂತಿಯನ್ನು ಕತ್ತರಿಸುವುದು ಪ್ರಾಣಾಪಾಯಕರ. ಕೈಯಲ್ಲಿ ಲೋಹದ ತಂತಿಗಳನ್ನು ಹಿಡಿದು ಕುಳಿತವರು ನಮ್ಮ ಮಕ್ಕಳು. ವಿದ್ಯುತ್ ಕೆಲಸ ಬಲ್ಲವರನ್ನು ಕರೆಸಿ ಸರಿಪಡಿಸಿದರೆ ಮುದ್ರಣಕ್ಕೂ ಒಳ್ಳೆಯದು, ಗೀಸರಿಗೂ ಒಳ್ಳೆಯದು.

ಮುದ್ರಿಸುವಾಗ ಇಡೀ ರಚನೆಯನ್ನು ಆರಂಭದಿಂದ ಕೊನೆಯವರೆಗೆ ಮೂರು ನಾಲ್ಕು ಸಲ ನುಡಿಸಿ, ಪ್ರತಿ ಸಲವೂ ಶ್ರುತಿ ನೋಡಿಕೊಂಡು, ಆಮೇಲೆ ಆರಿಸಿಕೊಳ್ಳುವುದು ನಮಗೆ ಇಷ್ಟವಾದ ಕ್ರಮ. ಒಂದೊಂದು ಸಾಲನ್ನೂ ಹತ್ತು ಸಲ ಕತ್ತರಿಸಿ ಹೊಲಿದದ್ದು ಕೇಳಲು ನಿರ್ದೋಷವಾಗಿರಬಹುದು, ಆದರೆ ಅದನ್ನು ನುಡಿಸಿದವರು ಯಾರೂ ಇಲ್ಲವೆನಿಸುತ್ತದೆ. ಕೈ ತಪ್ಪಿದ ಒಂದು ಸ್ವರವನ್ನು ತಿದ್ದುವುದಕ್ಕೆ ಅಭ್ಯಂತರವಿಲ್ಲ. ಗಿಟಾರು ತುಂಬಿ ಕೇಳಿಸಬೇಕೆಂದರೆ ಒಂದೇ ಭಾಗವನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡಬಹುದು. ಒಂದನ್ನೇ ನಕಲು ಮಾಡಿ ಎರಡು ಕಡೆ ಇಟ್ಟರೆ ಗಟ್ಟಿಯಾಗುತ್ತದೆಯೇ ವಿನಾ ವಿಶಾಲವಾಗದು. ಸುಮಾರು 70 ಹರ್ಟ್ಸಿಗಿಂತ ಕೆಳಗಿನ ಗುಡುಗುಡು ಸದ್ದನ್ನು ಸೋಸಿ, ಬೇಕಿದ್ದರೆ ತುಸು ಮಾರ್ದನಿ ಬೆರೆಸಿದರೆ ಮಿಶ್ರಣದ ಕೆಲಸ ಮುಗಿಯಿತು. ಆ ರಾತ್ರಿಯೇ ತೀರ್ಮಾನಿಸದೆ ಮರುದಿನ ಬೆಳಿಗ್ಗೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿಯೂ ಕಾರಿನಲ್ಲಿಯೂ ಕೇಳಿ ನೋಡಿರಿ. ಯೂಟ್ಯೂಬ್, ಸ್ಪಾಟಿಫೈ ಮುಂತಾದವು ಅತಿ ಗಟ್ಟಿಯಾದುದನ್ನು ತಾವೇ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಎಂಬ ಮಟ್ಟಕ್ಕೆ ಇಳಿಸಿಬಿಡುವುದರಿಂದ, ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಬೇಕೆಂದು ನಾದವನ್ನು ಹಿಂಡಿ ಹಿಪ್ಪೆ ಮಾಡುವುದು ವ್ಯರ್ಥ.

ಮೂಲ ಪ್ರತಿಯನ್ನು ವೇವ್ ಕಡತವಾಗಿಯೇ ಉಳಿಸಿಕೊಳ್ಳಬೇಕು. ಒಂದು ಪಥದ ಒಂದು ನಿಮಿಷಕ್ಕೆ 24 ಬಿಟ್ಟಿನಲ್ಲಿ ಸುಮಾರು 8 ಮೆಗಾಬೈಟ್ ತಗಲುತ್ತದೆ, ಇಂದಿನ ಲೆಕ್ಕಕ್ಕೆ ಇದು ಏನೂ ಅಲ್ಲ. ಗಣಕಯಂತ್ರದಲ್ಲೊಂದು, ಬೇರೆ ಹಾರ್ಡ್‌ಡಿಸ್ಕಿನಲ್ಲೊಂದು ಪ್ರತಿಯಿರಲಿ. ಪೆನ್‌ಡ್ರೈವನ್ನೇ ನೆಚ್ಚಿಕೊಳ್ಳುವುದು ಬೇಡ. ಕಡತಕ್ಕೆ ರಚನೆಯ ಹೆಸರು ಮತ್ತು ದಿನಾಂಕವನ್ನು ಬರೆಯಿರಿ. ಇಲ್ಲವಾದರೆ ಮುಂದಿನ ವರ್ಷ ಯಾವುದು ಯಾವುದೆಂದು ನುಡಿಸಿದವರಿಗೇ ತಿಳಿಯದು. ಹೊರದೇಶದಲ್ಲಿರುವ ಚಿಕ್ಕಪ್ಪನಿಗೋ ಅತ್ತೆಗೋ ವಾಟ್ಸ್‌ಆಪ್ ಮೂಲಕ ಕಳುಹಿಸುವಾಗ ಆಡಿಯೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ, ಮನೆಯವರೆಲ್ಲ ಒಂದು ತಾಸು ಉಸಿರು ಬಿಗಿಹಿಡಿದು ಕಾಪಾಡಿದ ನಾದ ಇದ್ದಂತೆಯೇ ಅವರನ್ನು ತಲುಪುತ್ತದೆ.